ಲಂಕಾಯಾತ್ರೆ: ದರ್ಶನವೋ ಸೂರೆಯೋ?

ಶ್ರೀಲಂಕೆಗೆ ಹೋಗುವ ಪ್ರವಾಸಿಗರ ಪರವಾಗಿ ಈಚೆಗೆ ಒಂದು ವಾದವು ಹೆಚ್ಚಾಗಿ ಕೇಳಬರುತ್ತಿದೆ. ಆ ದ್ವೀಪವು 2019ರ ಈಸ್ಟರ್ ದಿನದ ಬಾಂಬುಗಳಿಂದಲೂ, ಅನಂತರದ ಕೋವಿಡ್ ಮಾರಿಯಿಂದಲೂ, 2022ರ ದಿವಾಳಿತನದಿಂದಲೂ ನೊಂದಿದೆ. ಆದಕಾರಣ ಅಲ್ಲಿಗೆ ಹಣವನ್ನು ಒಯ್ಯುವವನೆಲ್ಲ ಉಪಕಾರಿಯೇ. ಅವನ ನಡತೆಯನ್ನು ವಿಚಾರಿಸುವುದು ಅಧಿಕಪ್ರಸಂಗವೆಂಬುದೇ ಆ ವಾದ. ಇದರ ಪೂರ್ವಾರ್ಧವು ಸತ್ಯ. ಪ್ರವಾಸಿಗರು ಬಾರದಿದ್ದ ದಿನಗಳಲ್ಲಿ ಗಾಡಿ ಹೊಡೆಯುವವನ, ಅಡಿಗೆಯವನ, ದಾರಿ ತೋರಿಸುವವನ ಮನೆಯ ಒಲೆ ಆರಿದ್ದುದು ನಿಜ. ಆದರೆ ಉತ್ತರಾರ್ಧವು ಶುದ್ಧ ಅವಿವೇಕ. ಹಸಿದವನಿಗೆ ಅನ್ನವಿತ್ತವನು ಅವನ ಮನೆಯ ಕಂಬವನ್ನು ಕೀಳಬಹುದೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ.

ಯಾಲದ ಅರಣ್ಯವನ್ನು ನೋಡಿರಿ. ಹುಲಿ ಸಿಂಹಗಳಿಲ್ಲದ ಆ ದ್ವೀಪದಲ್ಲಿ ಚಿರತೆಯೇ ಮೃಗರಾಜ. ಅದು ಎಲ್ಲಿಯೋ ಕಾಣಿಸಿತೆಂಬ ಸುದ್ದಿ ದೂರವಾಣಿಯಲ್ಲಿ ಹರಡಿದೊಡನೆ ಜೀಪುಗಳು ಧೂಳೆಬ್ಬಿಸುತ್ತ ನುಗ್ಗಿ ದಾರಿಯನ್ನು ಕಟ್ಟುತ್ತವೆ. ಇದಕ್ಕೆ ಚಾಲಕನನ್ನು ದೂಷಿಸುವುದು ವಾಡಿಕೆ. ಆದರೆ ಚಿರತೆ ಕಂಡರೆ ಇನಾಮು, ಕಾಣದಿದ್ದರೆ ಸಿಡುಕು ಎಂಬ ನಿಯಮವನ್ನು ಮಾಡಿದವನು ಹಿಂದೆ ಕುಳಿತವನೇ ಅಲ್ಲವೇ? ಇದಕ್ಕೆ ಸಾಹಸವೆಂಬ ಹೆಸರು ಬೇರೆ! 2,243 ಮೀಟರು ಎತ್ತರದ ಶ್ರೀಪಾದಶಿಖರವನ್ನು ಬೌದ್ಧರೂ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಪವಿತ್ರವೆಂದೆಣಿಸುತ್ತಾರೆ. ಡಿಸೆಂಬರಿನ ಹುಣ್ಣಿಮೆಯಿಂದ ವೈಶಾಖದ ಹುಣ್ಣಿಮೆಯವರೆಗೆ ಮುದುಕಿಯರು ಕೂಡ ರಾತ್ರಿಯ ಚಳಿಯಲ್ಲಿ ಸಾವಿರಾರು ಮೆಟ್ಟಿಲುಗಳನ್ನು ಹತ್ತುತ್ತಾರೆ. ಅವರಾರೂ ತಮ್ಮನ್ನು ಸಾಹಸಿಗಳೆಂದು ಕರೆದುಕೊಳ್ಳುವುದಿಲ್ಲ.

ಸಿಗಿರಿಯದ ವಿಷಯದಲ್ಲಿ ಇನ್ನೊಂದು ಚಮತ್ಕಾರದ ಸಮರ್ಥನೆಯುಂಟು. ಐದನೆಯ ಶತಮಾನದ ಕಾಶ್ಯಪರಾಜನ ಆ ಬಂಡೆಗೋಟೆಯ ಕನ್ನಡಿಗೋಡೆಯ ಮೇಲೆ ಹಿಂದಿನ ಯಾತ್ರಿಕರೂ ಬರೆದಿಲ್ಲವೇ, ಇಂದಿನವರು ಬರೆದರೆ ದೋಷವೇನೆಂದು ಕೇಳುತ್ತಾರೆ. ಬರೆದರು, ನಿಜ. ಮುಖ್ಯವಾಗಿ ಎಂಟರಿಂದ ಹತ್ತನೆಯ ಶತಮಾನದವರೆಗೆ ಭಿಕ್ಷುಗಳೂ ಅಧಿಕಾರಿಗಳೂ ಸ್ತ್ರೀಯರೂ ಅಲ್ಲಿ ಪದ್ಯಗಳನ್ನು ಗೀಚಿದರು. ಅಂತಹ 685 ಬರಹಗಳನ್ನು ಪರಣವಿತಾನರು 1956ರಲ್ಲಿ ಪ್ರಕಟಿಸಿದಾಗ ಪ್ರಾಚೀನ ಸಿಂಹಳ ಕಾವ್ಯದ ಒಂದು ನಿಧಿಯೇ ಲೋಕಕ್ಕೆ ದೊರೆಯಿತು. ಇಂದು ಅದರ ಮೇಲೆ ತನ್ನ ಹೆಸರನ್ನು ಕೆತ್ತುವವನು ಆ ಕವಿಗಳ ವಂಶದವನಲ್ಲ. ಅವರ ಅಕ್ಷರವನ್ನು ಅಳಿಸುವವನು. 2015ರಲ್ಲಿ ಹಾಗೆ ಕೆತ್ತಿದ ಆ ನಾಡಿನದೇ ಒಬ್ಬ ಯುವತಿಗೆ ಎರಡು ವರ್ಷದ ಸೆರೆ ವಿಧಿಸಲ್ಪಟ್ಟು, ಬಳಿಕ ಅಧ್ಯಕ್ಷರ ಕ್ಷಮಾದಾನ ದೊರೆಯಿತು. ಗೋಡೆಯನ್ನು ಕೆಡಿಸಿದವಳಿಗೆ ಸೆರೆ; ಕಾಡನ್ನು ಕೆಡಿಸಿದವನಿಗೆ ಸಲಾಮು!

ಈಚಿನ ವರ್ಷಗಳಲ್ಲಿ ಅಲ್ಲಿಗೆ ಹೋಗುವವರಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು. ರಾಮಾಯಣದ ಸ್ಥಳಗಳನ್ನು ಅರಸಿ ಹೋಗುವವರು ಕನ್ನಡ ನಾಡಿನಲ್ಲಿಯೂ ಉಂಟು. ನುವರ ಎಲಿಯದ ಬಳಿಯ ಸೀತಾ ಎಲಿಯದಲ್ಲಿ ಜಾನಕಿಯ ದುಃಖವನ್ನು ನೆನೆದು ಕಣ್ಣೀರು ಸುರಿಸುವ ಭಕ್ತರಿಗೆ, ಸುತ್ತಲಿನ ಚಹದ ತೋಟಗಳಲ್ಲಿ ಎಲೆ ಕೊಯ್ಯುವ ಹೆಂಗಸು ಚಿತ್ರ ತೆಗೆಯಲು ಒಳ್ಳೆಯ ವಸ್ತುವಾಗಿ ಮಾತ್ರ ಕಾಣುತ್ತಾಳೆ. ಆಕೆಯ ಹಿರಿಯರು ಹತ್ತೊಂಬತ್ತನೆಯ ಶತಮಾನದಿಂದ ತಮಿಳು ನಾಡಿನಿಂದ ಕೂಲಿಗಾಗಿ ಒಯ್ಯಲ್ಪಟ್ಟವರು. 1948ರ ಪೌರತ್ವದ ಕಾನೂನಿನಿಂದ ಅವರಲ್ಲಿ ಬಹುಮಂದಿ ನಾಡಿಲ್ಲದವರಾದರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರಕಾರಗಳು ಲಕ್ಷಗಟ್ಟಲೆ ಜನರನ್ನು ಹಂಚಿಕೊಂಡವು. ಉಳಿದವರಿಗೆ ಪೌರತ್ವ ದೊರೆಯಲು 2003ರ ಕಾನೂನು ಬರಬೇಕಾಯಿತು. ಅಶೋಕವನದ ಸೆರೆಗೆ ಕರಗುವ ಹೃದಯವು ಇದನ್ನು ಅರಿಯಲೂ ಬೇಡವೇ?

ಹಾಗಾದರೆ ಹೋಗಲೇಬಾರದೇ ಎಂದರೆ, ಅವಶ್ಯವಾಗಿ ಹೋಗಬೇಕು. ಕ್ಯಾಂಡಿಯಿಂದ ನುವರ ಎಲಿಯದವರೆಗೆ ಹಳೆಯ ಚಹದ ದಾರಿಗಳನ್ನು ಜೋಡಿಸಿ, 22 ಹಂತಗಳಲ್ಲಿ, 300 ಕಿಲೋಮೀಟರಿಗೂ ಮಿಕ್ಕಿದ ‘ಪೀಕೋ ಟ್ರೇಲ್’ ಎಂಬ ಕಾಲುದಾರಿಯನ್ನು ಏರ್ಪಡಿಸಿದ್ದಾರೆ. ಕಾಲಿಗೆ ಸಾಹಸ ಬೇಕೆನ್ನುವವನು ಅಲ್ಲಿ ನಡೆಯಲಿ. ಊರವನನ್ನೇ ದಾರಿಗೆ ಜೊತೆಮಾಡಿಕೊಳ್ಳಲಿ. ಊರವರ ಮನೆಯಲ್ಲಿ ಉಂಡು ತಂಗಲಿ. ಆಗ ಅವನ ಹಣವು ಸಲ್ಲಬೇಕಾದ ಕೈಗೆ ಸಲ್ಲುವುದು. ತೋಟದ ಹೆಂಗಸಿನ ಚಿತ್ರವನ್ನು ತೆಗೆಯುವ ಮೊದಲು ಆಕೆಯ ಒಪ್ಪಿಗೆಯನ್ನು ಕೇಳಲಿ. ಬೇಡವೆಂದರೆ ಕೈಮುಗಿದು ಮುಂದೆ ಹೋಗಲಿ. ಯಾಲದಲ್ಲಿ ಗುಂಪಿನಿಂದ ದೂರ ನಿಲ್ಲಲು ಚಾಲಕನಿಗೆ ಹೇಳಿ, ಚಿರತೆ ಕಾಣದ ದಿನವೂ ಅವನಿಗೆ ಇನಾಮನ್ನು ಕೊಡಲಿ. ಇಷ್ಟನ್ನೂ ಮಾಡಲಾರದವನು ತನ್ನ ಹಣದ ಉಪಕಾರವನ್ನು ಹೇಳಿಕೊಳ್ಳದಿರುವುದೇ ಲೇಸು.