ನಮ್ಮವರ ಸಲಹೆಯೂ ಮಿಥ್ಯೋಪದೇಶವೂ

ವ್ಯಾಪಾರವನ್ನೇ ಜೀವನೋಪಾಯವಾಗಿ ಮಾಡಿಕೊಂಡು ಬಂದ ಸಮಾಜಕ್ಕೆ ಹಣದ ವಿಚಾರದಲ್ಲಿ ಎಚ್ಚರಿಕೆ ಹೇಳುವುದು ಅನಾವಶ್ಯಕವೆಂದು ಭಾವಿಸುವವರುಂಟು. ತಕ್ಕಡಿ ಹಿಡಿದು ಬೆಳೆದ ಮನೆತನಗಳಿಗೆ ಲಾಭನಷ್ಟದ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲವೆಂಬುದು ಅವರ ನಂಬಿಕೆ. ಆದರೆ ಅಂಗಡಿಯ ಲೆಕ್ಕವೇ ಬೇರೆ, ಷೇರಿನ ಲೆಕ್ಕವೇ ಬೇರೆ. ಸೀರೆಯ ಸೆರಗನ್ನು ಮುಟ್ಟಿದೊಡನೆಯೇ ಜರಿಯ ಗುಣವನ್ನು ಹೇಳಬಲ್ಲ ಕೊಳ್ಳೇಗಾಲದ ವರ್ತಕನೂ ತಾನು ಕಂಡರಿಯದ ಕಂಪನಿಯ ಷೇರನ್ನು ಕೊಳ್ಳುವಾಗ ‘ನಮ್ಮವರೇ ಹೇಳಿದ್ದಾರೆ’ ಎಂಬ ಒಂದೇ ಆಧಾರವನ್ನು ಹಿಡಿದು ಸಹಿ ಹಾಕುವುದುಂಟು. ಈ ‘ನಮ್ಮವರು’ ಎಂಬ ಮಾತೇ ಇಂದು ಸಾಮಾನ್ಯ ಹೂಡಿಕೆದಾರನಿಗೆ ದೊಡ್ಡ ಅಪಾಯವಾಗಿ ಪರಿಣಮಿಸಿದೆ. ಬಾಂಧವ್ಯವು ಪ್ರೀತಿಗೆ ಕಾರಣವಾಗಬಹುದು. ಹಣ ತೊಡಗಿಸುವುದಕ್ಕೆ ಅದು ಕಾರಣವಾಗಲಾರದು.

ಕೊಳ್ಳೇಗಾಲ, ಯಳಂದೂರು ಮತ್ತು ಕೊಳ್ಳೇಗಾಲದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಹನೂರು, ಈ ಮೂರು ಕಡೆಗಳಲ್ಲಿಯೂ ಹಿಂದಿನ ತಲೆಮಾರಿನ ಉಳಿತಾಯವೆಂದರೆ ಚಿನ್ನ, ನಿವೇಶನ, ಅಂಚೆ ಕಚೇರಿಯ ಪಾಸ್‌ಬುಕ್ಕು, ಹೆಚ್ಚೆಂದರೆ ಒಂದು ಚೀಟಿ. ಷೇರು ಬೇಕೆಂದವರು ಬೆಂಗಳೂರಿನ ದಲ್ಲಾಳಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಈಗ ಆ ದೂರವಿಲ್ಲ. ದೇಶದಲ್ಲಿ 2020ರ ಮಾರ್ಚಿಯಲ್ಲಿ ಸುಮಾರು 4 ಕೋಟಿಯಿದ್ದ ಡಿಮ್ಯಾಟ್ ಖಾತೆಗಳು 2025ರ ಮಾರ್ಚಿಗೆ 19 ಕೋಟಿಯನ್ನು ದಾಟಿದವು. ಹನೂರಿನ ತರುಣನೊಬ್ಬ ಮನೆಯ ಜಗುಲಿಯ ಮೇಲೆ ಕುಳಿತೇ ಮೊಬೈಲಿನಲ್ಲಿ ಖಾತೆ ತೆರೆದು ಷೇರು ಕೊಳ್ಳಬಲ್ಲ. ಪೇಟೆ ಹತ್ತಿರ ಬಂದಿತು. ತಿಳಿವಳಿಕೆ ಅದರ ಜೊತೆಗೆ ಬರಲಿಲ್ಲ. ಆ ತೆರವನ್ನು ತುಂಬಿದವರು ಯಾರು? ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ಬಂಧು, ಕನಕಗಿರಿಯ ಯಾತ್ರೆಯಲ್ಲಿ ಜೊತೆಯಾದ ಏಜೆಂಟ್, ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ‘ಜಯ ಜಿನೇಂದ್ರ’ದ ಬೆನ್ನಿಗೇ ಷೇರಿನ ಹೆಸರನ್ನು ಹಾಕುವ ಉತ್ಸಾಹಿ.

ಇದರ ಪರಿಣಾಮವನ್ನು ಊಹಿಸಬೇಕಾಗಿಲ್ಲ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ 93ರಷ್ಟು ಮಂದಿ ನಷ್ಟವನ್ನೇ ಅನುಭವಿಸಿದರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು; ತಲೆಗೆ ಸರಾಸರಿ ಸುಮಾರು 2 ಲಕ್ಷ. 2023-24ರಲ್ಲಿ ಈ ವ್ಯಾಪಾರ ಮಾಡಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ತಮ್ಮ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆಯೆಂದು ಘೋಷಿಸಿದವರು. ಶೇಕಡಾ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳಿಗೆ ಹೊರಗಿನವರು, ಎಂದರೆ ಕೊಳ್ಳೇಗಾಲದಂಥ ಊರುಗಳೂ ಸೇರುವ ವರ್ಗದವರು. ಹಣವಂತರ ಆಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಊರಿನ ಸಣ್ಣ ಉಳಿತಾಯವೇ ಇಲ್ಲಿ ಕರಗುತ್ತಿದೆ.

ಬಾಂಧವ್ಯವನ್ನು ನಂಬಿ ಕೆಟ್ಟವರ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಎಲ್ಲ ಮತಗಳಲ್ಲಿಯೂ ಇವೆ. ಇಂದು ಅನೇಕ ಕನ್ನಡ ಕುಟುಂಬಗಳ ಮಕ್ಕಳು ನೆಲೆಸಿರುವ ಕೆನಡಾ ದೇಶವನ್ನೇ ನೋಡಬಹುದು. ಕ್ಯಾಲ್ಗರಿಯ ಬ್ರೀ-ಎಕ್ಸ್ ಎಂಬ ಕಂಪನಿಯು ಇಂಡೋನೇಷ್ಯಾದ ಬುಸಾಂಗಿನಲ್ಲಿ ಅಪಾರ ಚಿನ್ನದ ನಿಕ್ಷೇಪವಿದೆಯೆಂದು ಸಾರಿತು. ಪುಡಿಕಾಸಿನ ಷೇರು ನೂರಾರು ಡಾಲರಿಗೆ ಏರಿ, ಕಂಪನಿಯ ಮೌಲ್ಯ ಸುಮಾರು 600 ಕೋಟಿ ಕೆನಡಾ ಡಾಲರ್ ಆಯಿತು. ಆಲ್ಬರ್ಟಾ ಪ್ರಾಂತದ ಸೇಂಟ್ ಪಾಲ್ ಎಂಬ ಸಣ್ಣ ಊರಿನಲ್ಲಿ ಈ ಷೇರಿನ ಸುದ್ದಿ ನೆರೆಯವರಿಂದ ನೆರೆಯವರಿಗೆ ಹಬ್ಬಿ, ಬಹಳ ಜನ ಹಣ ತೊಡಗಿಸಿದರು. 1997ರ ಮೇ ತಿಂಗಳಲ್ಲಿ ಸ್ವತಂತ್ರ ಪರೀಕ್ಷಕರು ಸತ್ಯವನ್ನು ಹೊರಗೆಡಹಿದರು: ಕಲ್ಲಿನ ಮಾದರಿಗಳಿಗೆ ಹೊರಗಿನಿಂದ ಚಿನ್ನದ ಪುಡಿಯನ್ನು ಬೆರೆಸಲಾಗಿತ್ತು. ಷೇರು ಕಾಗದವಾಯಿತು. ಸುದ್ದಿ ಹೇಳಿದ ನೆರೆಯವರು ವಂಚಕರಾಗಿರಲಿಲ್ಲ. ಅವರೂ ನಂಬಿಯೇ ಕೊಂಡಿದ್ದರು. ಹೇಳಿದವನ ಪ್ರಾಮಾಣಿಕತೆಯು ಹೇಳಿದ ಮಾತಿನ ಸತ್ಯಕ್ಕೆ ಪ್ರಮಾಣವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಮೆರಿಕದಲ್ಲಿ 2008ರ ಡಿಸೆಂಬರಿನಲ್ಲಿ ಬಯಲಾದ ಬರ್ನಾರ್ಡ್ ಮೇಡಾಫನ ವಂಚನೆಯಲ್ಲಿ ಅವನದೇ ಯೆಹೂದಿ ಸಮಾಜದ ಧರ್ಮಾರ್ಥ ಸಂಸ್ಥೆಗಳು ನೆಲಕಚ್ಚಿದವು. ನೊಬೆಲ್ ಪುರಸ್ಕೃತ ಎಲೀ ವೀಸೆಲರ ಪ್ರತಿಷ್ಠಾನವೊಂದೇ ಸುಮಾರು ಒಂದೂವರೆ ಕೋಟಿ ಡಾಲರುಗಳನ್ನು ಕಳೆದುಕೊಂಡಿತು. ಬೆಂಗಳೂರಿನಲ್ಲಿ 2019ರಲ್ಲಿ ಕುಸಿದ ಐಎಂಎ ಸಂಸ್ಥೆಯು ತನ್ನದು ಧರ್ಮಸಮ್ಮತವಾದ ಹೂಡಿಕೆಯೆಂದು ಹೇಳಿಕೊಂಡು ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯವನ್ನು ಸೆಳೆದಿತ್ತು. ಅದೇ ನಗರದ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಒಬ್ಬ ಠೇವಣಿದಾರ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಸರದಿಯಲ್ಲಿ ನಿಂತವರಲ್ಲಿ ನಿವೃತ್ತರೂ ವೃದ್ಧರೂ ಬಹುಮಂದಿ ಇದ್ದರು. ಈ ಪಟ್ಟಿಯಲ್ಲಿ ಜೈನ ಸಮಾಜದ ಹೆಸರು ಬಾರದಂತೆ ಕಾಯುವ ವಿಶೇಷ ಶಕ್ತಿ ಯಾವುದೂ ಇಲ್ಲ. ಎಚ್ಚರವೊಂದೇ ಕಾಯಬಲ್ಲದು.

ಶ್ರಾವಕಾಚಾರವನ್ನು ಬಲ್ಲವರಿಗೆ ಇದು ಹೊಸ ಮಾತೇನಲ್ಲ. ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ತಪ್ಪು ದಾರಿಯನ್ನು ತೋರುವ ಬೋಧೆ. ನ್ಯಾಸಾಪಹಾರ, ಅಂದರೆ ನಂಬಿ ಇರಿಸಿದ ಗಂಟಿಗೆ ಕೈ ಹಾಕುವುದು, ಆ ಐದರಲ್ಲಿಯೇ ಸೇರಿದೆ. ನ್ಯಾಸಾಪಹಾರವನ್ನು ಎಲ್ಲರೂ ಕಳ್ಳತನವೆಂದೇ ಎಣಿಸಿದರೆ, ಪೂರ್ವಾಚಾರ್ಯರು ಅದನ್ನು ಸತ್ಯದ ಉಲ್ಲಂಘನೆಯಲ್ಲಿ ಎಣಿಸಿದರು. ಹಣ ಕಳೆಯುವ ಮೊದಲು ಸತ್ಯ ಕಳೆದಿರುತ್ತದೆಂಬ ಅರ್ಥ ಇದರಲ್ಲಿ ಅಡಗಿದೆ. ತಾನು ಪಡೆಯುವ ದಲ್ಲಾಳಿಯನ್ನು ಮರೆಮಾಚಿ ‘ನಿಮ್ಮ ಹಿತಕ್ಕಾಗಿ ಹೇಳುತ್ತಿದ್ದೇನೆ’ ಎನ್ನುವವನು ಈ ಎರಡನ್ನೂ ಒಂದೇ ಮಾತಿನಲ್ಲಿ ಮಾಡುತ್ತಾನೆ. ಅಂಥವನು ಪ್ರತಿದಿನ ಜಿನದರ್ಶನ ಮಾಡುವವನಾದರೆ ದೋಷ ಕಡಿಮೆಯಾಗುವುದಿಲ್ಲ; ಆ ದರ್ಶನವೇ ಅವನ ವ್ಯಾಪಾರದ ಫಲಕವಾಗುತ್ತದೆ.

ಬಹಿರಂಗವಾದ ವ್ಯವಹಾರ ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದಲ್ಲಿಯೇ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ರೇಷ್ಮೆಯಲ್ಲಿರುವ ಹಿಂಸೆಯ ಪ್ರಶ್ನೆ ಬೇರೆಯೇ ಆದುದು. ಇಲ್ಲಿ ನೋಡಬೇಕಾದುದು ಮಾರಾಟದ ಕ್ರಮವನ್ನು ಮಾತ್ರ. ರೇಷ್ಮೆಮೊಟ್ಟೆ, ಗೂಡು ಮತ್ತು ನೂಲಿನ ಮಾರಾಟವನ್ನು ಕಟ್ಟುಪಾಡಿಗೆ ತಂದ 1959ರ ಕಾಯಿದೆಯ ಉದ್ದೇಶವೇ ಗೂಡಿನ ವ್ಯಾಪಾರ ಮರೆಯಲ್ಲಿ ನಡೆಯಬಾರದೆಂಬುದು. ಗೂಡು ಕಣ್ಣೆದುರಿಗಿರುತ್ತದೆ, ಹರಾಜು ಎಲ್ಲರೆದುರು ನಡೆಯುತ್ತದೆ, ತೂಕ ರೈತನಿಗೆ ಕಾಣುತ್ತದೆ, ಮಾರುಕಟ್ಟೆಯ ಶುಲ್ಕ ಎಷ್ಟೆಂಬುದು ಮೊದಲೇ ಗೊತ್ತಿರುತ್ತದೆ. ಒಂದು ಬುಟ್ಟಿ ಗೂಡಿಗೆ ಇರುವ ಈ ಮರ್ಯಾದೆ ಒಂದು ಸಂಸಾರದ ಜೀವಮಾನದ ಉಳಿತಾಯಕ್ಕೆ ಬೇಡವೇ?

‘ನಮ್ಮವರು ಪುಕ್ಕಟೆಯಾಗಿ ಹೇಳುತ್ತಾರೆ, ಹೊರಗಿನ ಸಲಹೆಗಾರನಿಗೆ ಶುಲ್ಕ ತೆರುವುದೇಕೆ?’ ಎಂಬ ಪ್ರಶ್ನೆ ಸಾಮಾನ್ಯ. ಪುಕ್ಕಟೆಯ ಬೆಲೆಯನ್ನು ಲೆಕ್ಕ ಹಾಕಿ ನೋಡಬೇಕು. 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿನಲ್ಲಿಯೂ ದಲ್ಲಾಳಿಯಿಲ್ಲದ ನೇರ ಯೋಜನೆ ದೊರೆಯುತ್ತದೆ. ಏಜೆಂಟರ ಮೂಲಕ ಕೊಳ್ಳುವ ಯೋಜನೆಯಲ್ಲಿ ದಲ್ಲಾಳಿಯು ಹೂಡಿಕೆದಾರನ ಹಣದಿಂದಲೇ ವರ್ಷವರ್ಷವೂ ಕಳೆಯುತ್ತದೆ. ವ್ಯತ್ಯಾಸ ವರ್ಷಕ್ಕೆ ಶೇಕಡಾ ಒಂದು ಎಂದು ಇಟ್ಟುಕೊಳ್ಳೋಣ. 5 ಲಕ್ಷ ರೂಪಾಯಿ ಶೇಕಡಾ 11ರಂತೆ ಬೆಳೆದರೆ ಇಪ್ಪತ್ತು ವರ್ಷಗಳಲ್ಲಿ ಸುಮಾರು 40 ಲಕ್ಷ 31 ಸಾವಿರವಾಗುತ್ತದೆ. ಶೇಕಡಾ 10ರಂತೆ ಬೆಳೆದರೆ ಸುಮಾರು 33 ಲಕ್ಷ 64 ಸಾವಿರ. ನಡುವಿನ 6 ಲಕ್ಷ 67 ಸಾವಿರವೇ ಪುಕ್ಕಟೆ ಸಲಹೆಯ ಬೆಲೆ. ಮೂಲಧನಕ್ಕಿಂತಲೂ ಹೆಚ್ಚಾದ ಈ ಮೊತ್ತವನ್ನು ಯಾರೂ ಕೈಚಾಚಿ ಕೇಳಲಿಲ್ಲವಾದ್ದರಿಂದ ಕೊಟ್ಟವನಿಗೆ ಕೊಟ್ಟದ್ದೇ ತಿಳಿಯುವುದಿಲ್ಲ.

ದಲ್ಲಾಳಿ ಪಡೆಯುವ ಏಜೆಂಟರ ವೃತ್ತಿ ಕಾನೂನುಬದ್ಧವಾದುದೇ. ಮಾರಾಟಗಾರನು ಮಾರಾಟಗಾರನೆಂದು ಹೇಳಿಕೊಂಡು ಬಂದರೆ ಅವನಲ್ಲಿ ತಪ್ಪಿಲ್ಲ. ಅವನು ಹಿತೈಷಿಯ ವೇಷದಲ್ಲಿ ಬಂದಾಗ ತಪ್ಪು ಆರಂಭವಾಗುತ್ತದೆ. 2013ರ ಸೆಬಿ ನಿಯಮಾವಳಿಯಂತೆ ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವವನು ನೋಂದಾಯಿಸಿಕೊಳ್ಳಬೇಕು. ಸಲಹೆ ಪಡೆದ ಗ್ರಾಹಕನ ಹೂಡಿಕೆಯ ಮೇಲೆ ದಲ್ಲಾಳಿ ತೆಗೆದುಕೊಳ್ಳಬಾರದು. ಇಂತಿಷ್ಟು ಲಾಭ ಖಂಡಿತವೆಂದು ಭರವಸೆ ಕೊಡಬಾರದು. ಅವನ ನೋಂದಣಿ ಸಂಖ್ಯೆ ಐಎನ್‌ಎ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಅದನ್ನು ಸೆಬಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಅವನು ತಪ್ಪಿ ನಡೆದರೆ ಸ್ಕೋರ್ಸ್ ಎಂಬ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಸೋದರಮಾವನ ಮೇಲೆ ಯಾರು ದೂರು ಕೊಟ್ಟಾರು? ಸಂಬಂಧ ಕೆಡುತ್ತದೆಂಬ ಸಂಕೋಚದಿಂದ ನಷ್ಟವನ್ನು ನುಂಗಿಕೊಂಡು ಸುಮ್ಮನಾಗುವುದೇ ಇಂಥ ಪ್ರಕರಣಗಳ ಸಾಮಾನ್ಯ ಅಂತ್ಯ.

ನೋಂದಾಯಿತ ಸಲಹೆಗಾರರು ಎಲ್ಲಿದ್ದಾರೆ ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. 2024ರ ವೇಳೆಗೆ ಇಡೀ ದೇಶದಲ್ಲಿ ಅವರ ಸಂಖ್ಯೆ ಸುಮಾರು ಒಂದು ಸಾವಿರವಷ್ಟೇ. ಕೋಟಿಗಟ್ಟಲೆ ಖಾತೆಗಳಿಗೆ ಈ ಸಂಖ್ಯೆ ಏನೇನೂ ಸಾಲದು. ಇದು ವ್ಯವಸ್ಥೆಯ ದೊಡ್ಡ ಕೊರತೆ. ನೋಂದಣಿಯಿದ್ದ ಮಾತ್ರಕ್ಕೆ ಎಲ್ಲರೂ ಸಜ್ಜನರೆಂದೂ ಅಲ್ಲ. ಆದರೆ ವೈದ್ಯರು ಕಡಿಮೆಯೆಂದು ಔಷಧ ಮಾರುವವನಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಲ್ಲ. ಸಲಹೆ ದೂರವಾಣಿಯಲ್ಲಿಯೂ ದೊರೆಯುತ್ತದೆ. ನಾಲ್ಕು ಕುಟುಂಬಗಳು ಮೈಸೂರಿನ ಅಥವಾ ಬೆಂಗಳೂರಿನ ಒಬ್ಬರನ್ನೇ ಆರಿಸಿಕೊಂಡು, ಪ್ರತಿಯೊಂದೂ ತನ್ನ ಶುಲ್ಕವನ್ನು ತೆತ್ತು, ತನ್ನ ಲೆಕ್ಕವನ್ನು ತಾನು ಕೇಳಬಹುದು. ಅದೂ ಸಾಧ್ಯವಾಗದವರಿಗೆ ಅಂಚೆ ಕಚೇರಿಯೂ ಬ್ಯಾಂಕಿನ ಠೇವಣಿಯೂ ಅವಮಾನದ ವಿಷಯಗಳಲ್ಲ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿಗಳವರೆಗಿನ ಹಣಕ್ಕೆ 2020ರ ಫೆಬ್ರವರಿಯಿಂದ ವಿಮೆಯ ರಕ್ಷಣೆಯಿದೆ. ತಿಳಿಯದ ಷೇರನ್ನು ಕೊಳ್ಳದಿರುವುದೂ ಒಂದು ಹೂಡಿಕೆಯ ನೀತಿಯೇ; ಪರಿಗ್ರಹಕ್ಕೆ ಪರಿಮಾಣವನ್ನು ಹೇಳಿದ ಧರ್ಮಕ್ಕೆ ಅದು ಒಪ್ಪುವ ನೀತಿ.

ಕುಟುಂಬದ ಹಣಕ್ಕಿಂತ ಹೆಚ್ಚಿನ ಎಚ್ಚರ ಬಸದಿಗಳ ಹಣಕ್ಕೆ ಬೇಕು. ನಂದಾದೀಪಕ್ಕೆ, ನಿತ್ಯಾಭಿಷೇಕಕ್ಕೆ, ಶಾಶ್ವತ ಪೂಜೆಗೆ ಎಂದು ಶ್ರಾವಕ ಶ್ರಾವಿಕೆಯರು ಕೊಟ್ಟ ನಿಧಿಯು ಸಮಿತಿಯ ಸದಸ್ಯರ ಸ್ವತ್ತಲ್ಲ. ಅದನ್ನು ಸದಸ್ಯರೊಬ್ಬರ ಮಗನ ಅಥವಾ ಅಳಿಯನ ಏಜೆನ್ಸಿಯ ಮೂಲಕ ತೊಡಗಿಸಿ ಆ ದಲ್ಲಾಳಿ ಮನೆಗೆ ಬರುವಂತೆ ಮಾಡಿಕೊಳ್ಳುವುದು ನಿರ್ಮಾಲ್ಯವನ್ನು ಭುಜಿಸಿದಂತೆ. ಕಠಿಣವಾದ ಮಾತಾದರೂ ಇದಕ್ಕೆ ಬೇರೆ ಹೆಸರಿಲ್ಲ. ಕಾನೂನಿನ ದೃಷ್ಟಿಯಿಂದಲೂ ಇಲ್ಲಿ ಸ್ವೇಚ್ಛೆಗೆ ಅವಕಾಶವಿಲ್ಲ. ಧರ್ಮಾರ್ಥ ಸಂಸ್ಥೆಗಳ ಹಣವನ್ನು ಎಲ್ಲೆಲ್ಲಿ ಇಡಬಹುದೆಂದು 1961ರ ಆದಾಯ ತೆರಿಗೆ ಕಾಯಿದೆಯ 11(5)ನೇ ಉಪಪ್ರಕರಣ ಪಟ್ಟಿ ಮಾಡಿತ್ತು. 2026ರ ಏಪ್ರಿಲ್ 1ನ್ನು ಜಾರಿಯ ದಿನಾಂಕವಾಗಿ ಉಳ್ಳ 2025ರ ಹೊಸ ಕಾಯಿದೆಯಲ್ಲಿಯೂ ಅಂಥ ಪಟ್ಟಿ ಇದೆ. ಖಾಸಗಿ ಕಂಪನಿಗಳ ಷೇರುಗಳಿಗೆ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸ್ಥಾನವಿಲ್ಲ. ಪಟ್ಟಿಯ ಹೊರಗೆ ಹಣ ತೊಡಗಿಸಿದ ಸಂಸ್ಥೆಯು ಲಾಭದ ಆಸೆಗೆ ತೆರಿಗೆಯ ವಿನಾಯಿತಿಯನ್ನೇ ಕಳೆದುಕೊಳ್ಳಬಹುದು.

ಆದುದರಿಂದ ಪ್ರತಿಯೊಂದು ಬಸದಿಯ ಸಮಿತಿಯೂ ಮುಂದಿನ ಸಭೆಯಲ್ಲಿಯೇ ಮೂರು ನಿರ್ಣಯಗಳನ್ನು ಬರೆದಿಡಬೇಕು. ಸದಸ್ಯರಾಗಲಿ ಅವರ ಬಂಧುಗಳಾಗಲಿ ಸಂಸ್ಥೆಯ ಹಣದಿಂದ ದಲ್ಲಾಳಿ ಪಡೆಯತಕ್ಕದ್ದಲ್ಲ. ಯಾವ ಹೂಡಿಕೆಯೂ ಕಾರಣಸಹಿತವಾದ ಲಿಖಿತ ನಿರ್ಣಯವಿಲ್ಲದೆ ಆಗತಕ್ಕದ್ದಲ್ಲ. ಹಣ ಎಲ್ಲಿದೆ, ಎಷ್ಟಿದೆ ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಮಾಜದ ಮುಂದೆ ಓದತಕ್ಕದ್ದು. ಕುಟುಂಬಗಳೂ ಸಲಹೆ ಕೊಡಬಂದವರನ್ನು ಮೂರೇ ಪ್ರಶ್ನೆ ಕೇಳಲಿ: ನಿಮ್ಮ ನೋಂದಣಿ ಸಂಖ್ಯೆ ಯಾವುದು? ಈ ವ್ಯವಹಾರದಿಂದ ನಿಮಗೆ ಬರುವುದೆಷ್ಟು? ಇದೇ ಮಾತನ್ನು ಬರೆದು ಸಹಿ ಹಾಕಿ ಕೊಡುವಿರಾ? ಪ್ರಾಮಾಣಿಕನಾದವನು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ‘ನಮ್ಮಲ್ಲೇ ಇಷ್ಟು ಅಪನಂಬಿಕೆಯೇ’ ಎಂದು ನೊಂದುಕೊಂಡು ಎದ್ದು ಹೋಗುವವನು ಉತ್ತರವನ್ನು ಕೊಟ್ಟೇ ಹೋಗಿರುತ್ತಾನೆ. ಧರ್ಮಬಂಧುವಿನ ಲೆಕ್ಕವನ್ನು ಕೇಳುವುದು ಅವನಿಗೆ ಮಾಡುವ ಅಪಮಾನವಲ್ಲ. ಅವನನ್ನು ಮಿಥ್ಯೋಪದೇಶದಿಂದ ಉಳಿಸುವ ಉಪಕಾರ.