ನೋಯದ ಗಂಟಿಗೂ ತಪಾಸಣೆ ಬೇಕು

ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದೇ ಎಷ್ಟೋ ಹೆಂಗಸರು ಮನೆಯವರಿಗೂ ಹೇಳದೆ ತಿಂಗಳುಗಟ್ಟಲೆ ದೂಡುತ್ತಾರೆ. ಇಂಥವರನ್ನು ತಲುಪಲು ಊರೂರಿಗೆ ಮ್ಯಾಮೊಗ್ರಾಂ ಯಂತ್ರ ಬರುವವರೆಗೆ ಕಾಯಬೇಕಿಲ್ಲ.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರು ಮಾಡಿದ ಅಧ್ಯಯನವೇ ಇದಕ್ಕೆ ಆಧಾರ. ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ರೋಗ ಬೇಗ ಪತ್ತೆಯಾಗಿತ್ತು, 50 ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ತಗ್ಗಿತ್ತು. ಕಿರಿಯರಲ್ಲಿ ಸಾವು ಇಳಿಯಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ತಾಯಿ, ಅಕ್ಕತಂಗಿಯರಿಗೆ ಈ ರೋಗ ಬಂದಿದ್ದರೆ ಕಿರಿಯರು ವೈದ್ಯರನ್ನು ಬೇಗನೆ ಕಾಣುವುದು ಒಳಿತು.

ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲೂ 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರ ಪೈಕಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 1ರಷ್ಟೂ ಇರಲಿಲ್ಲ. ಬಾಗಿಲಿಗೊಂದು ಪರದೆ, ಮಲಗಲೊಂದು ಮಂಚ, ಪರೀಕ್ಷಿಸಲು ಒಬ್ಬ ಹೆಣ್ಣುಮಗಳು ಇಲ್ಲದ ಉಪಕೇಂದ್ರದಲ್ಲಿ ಯಾರು ತಾನೇ ರವಿಕೆ ಬಿಚ್ಚಿಯಾರು? ಸರ್ಕಾರ ಮೊದಲು ಇಷ್ಟನ್ನು ಒದಗಿಸಲಿ. ಗಂಟು ಕಂಡವರಿಗೆ ಸೂಜಿ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ಆಗಲಿ. ಕೂಲಿ ಬಿಟ್ಟು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಹೆಂಗಸಿನ ಕೈಯಲ್ಲಿ ಆ ವರದಿ ಇದ್ದರೆ ಚಿಕಿತ್ಸೆ ಅಷ್ಟು ಬೇಗ ಶುರುವಾಗುತ್ತದೆ.