ಗ್ಯಾಸ್ ಒಲಿ ಒಯ್ಯಬೌದು, ಟಿವಿ ಛತ್ರಿ ಒಯ್ಯಬಾರ್ದಾ?

ಯಕ್ಕಗಳಿರಾ, ತಂಗಿಗಳಿರಾ, ನಮ್ಮ ಓಣಿ ಚಿಗವ್ವ ದೊಡ್ಡವ್ವಗಳಿರಾ,

ಯಾತ್ರಿ ಮುಗಿಸ್ಕೆಂಡು ಹಚ್ಚೊಳ್ಳಿಗೆ ಬಂದು ಹದಿನೈದು ದಿನ ಆತು. ಕಾಲುನೋವು ಹೋತು, ಪ್ರಸಾದ ಹಂಚಿದ್ದೂ ಆತು. ಒಂದು ಮಾತು ಮಾತ್ರ ಇನ್ನೂ ಓಣ್ಯಾಗ ತಿರುಗಾಡಾಕತ್ತೈತಿ: "ಅವ್ರು ಯಾತ್ರಿಗೆ ಹೋಗಿದ್ರೋ, ಟಿವಿ ನೋಡಾಕ ಹೋಗಿದ್ರೋ?" ಕಟ್ಟಿ ಮ್ಯಾಲೆ ಕುಂತ ಗಂಡಸ್ರು ಅಂದಿದ್ರ ಒಂದು ಕಿವ್ಯಾಗ ಕೇಳಿ ಇನ್ನೊಂದು ಕಿವ್ಯಾಗ ಬಿಡ್ತಿದ್ದೆ. ಮೊನ್ನೆ ನಳದ ಹತ್ರ ನಮ್ಮ ಹೆಣ್ಮಕ್ಕಳ ಬಾಯಾಗೂ ಅದಾ ಮಾತು ಬಂತು. ಅದಕ್ಕ ಇದನ್ನ ಬರೀಬೇಕಾತು. ಸಿಟ್ಟಿನಾಗ ಬರದೀನಿ, ಆದ್ರ ಸುಳ್ಳು ಬರದಿಲ್ಲ.

ಮೊದಲು ಗಾಡಿ ವಿಷಯ ಹೇಳ್ತೀನಿ. ನಮ್ಮ ಮೈದುನನ ಹಳೇ ಟೆಂಪೋ ಟ್ರಾವೆಲರ್ ಐತಲ್ಲ, ಅದರ ಹಿಂದಿನ ಸೀಟು ಬಿಚ್ಚಿ, ಹಲಗಿ ಹೊಡ್ದು, ಮ್ಯಾಲೆ ಕೌದಿ ಹಾಸಿದ್ವಿ. ಅಮೆರಿಕದಾಗ ಇಂಥ ಗಾಡಿಗೆ ಮೋಟರ್‌ಹೋಮ್ ಅಂತಾರಂತ, ಅಂದ್ರ ಗಾಲಿ ಮ್ಯಾಲಿನ ಮನಿ. ಅಲ್ಲಿ ಅದರಾಗ ಸ್ನಾನದ ಕೋಣಿ, ಫ್ರಿಜ್ಜು ಎಲ್ಲಾ ಇರ್ತಾವ. ನಮ್ಮದ್ರಾಗ ಇದ್ದದ್ದು ಎಂಟು ಮಂದಿ, ಒಂದು ನೀರಿನ ಡ್ರಮ್ಮು, ಕಿಡಿಕಿಗೆ ಕಟ್ಟಿದ ಹಳೇ ಸೀರಿ ಪರದೆ. ಆರು ದಿನದ ಯಾತ್ರಿ: ಮಂತ್ರಾಲಯ, ಶ್ರೀಶೈಲ, ಮಹಾನಂದಿ, ಅಹೋಬಿಲ, ಯಾಗಂಟಿ.

ಆ ಗಾಡಿಗೆ ಏನೇನು ಏರಿಸಿದ್ವಿ ಅಂತ ಕೇಳ್ರಿ. ಐದು ಕೆಜಿ ಸಣ್ಣ ಸಿಲಿಂಡರ್, ಒಲಿ, ಎರಡು ಕುಕ್ಕರ್, ಸೋನಾ ಮಸೂರಿ ಅಕ್ಕಿ ಒಂದು ಚೀಲ, ಖಟಿ ರೊಟ್ಟಿ ನೂರು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಂಡಕ್ಕಿ ಚೀಲ, ಈಳಿಗಿ, ಲಟ್ಟಣಗಿ, ತಿಕ್ಕೋ ಪುಡಿ, ಬಟ್ಟಿ ಸಾಬೂನು. ಇದನ್ನೆಲ್ಲಾ ಹೊತ್ತು ಹಾಕುವಾಗ ಇಡೀ ಓಣಿ ನೋಡಿತ್ತು. "ದೇವ್ರ ಹತ್ರ ಹೋಗೋರಿಗೆ ಕುಕ್ಕರ್ ಯಾಕವ್ವಾ?" ಅಂತ ಒಬ್ರೂ ಕೇಳಲಿಲ್ಲ. ಕಟ್ಟಕಡೀಗೆ ಮೈದುನನ ಮಗ ಒಂದು ಟಿವಿ, ಒಂದು ಛತ್ರಿ ಏರಿಸಿದ ನೋಡ್ರಿ, ಆವಾಗ ಎಲ್ಲರಿಗೂ ದೇವ್ರು ನೆಪ್ಪಾದ.

ಟಿವಿ ಯಾಕ ಒಯ್ದ್ವಿ? ನಮ್ಮತ್ತಿ ಸಲುವಾಗಿ. ಅವ್ರ ಮೊಣಕಾಲು ನಿಮಗೆಲ್ಲಾ ಗೊತ್ತೈತಿ. ಮಂತ್ರಾಲಯದಾಗ ವೃಂದಾವನದ ಮಟ ಹೆಂಗೋ ಕರ್ಕೊಂಡು ಹೋಗಬೌದು. ಅಹೋಬಿಲದ ಗುಡ್ಡ ಅವ್ರು ಹತ್ತಾಕ ಆಗತೈತೇನು? ಅಲ್ಲಿ ನವ ನರಸಿಂಹರು, ಒಬ್ಬೊಬ್ಬ ಸ್ವಾಮಿ ಒಂದೊಂದು ಗವಿ, ಒಂದೊಂದು ಏರಿನ್ಯಾಗ ಕುಂತಾನ. ನಾವು ಹತ್ತಿ ಇಳಿಯೋ ನಾಕೈದು ತಾಸು ಅತ್ತಿ ಗಾಡ್ಯಾಗ ಒಬ್ರಾ. "ನಾನು ಬರಂಗಿಲ್ಲ, ನಿಮಗೆ ಭಾರ ಆಕ್ಕೀನಿ" ಅಂತ ಮೊದಲಾ ಅಂದಿದ್ರು. "ಟಿವಿ ಹಚ್ಚಿಕೊಡ್ತೀವಿ, ಬರ್ರಿ" ಅಂದದ್ದಕ್ಕ ಹೊಂಟ್ರು. ಅವ್ರು ನೋಡೋದಾದ್ರೂ ಏನು? ಚಂದನದಾಗ ನಾ. ಸೋಮೇಶ್ವರ ಅವ್ರ 'ಥಟ್ ಅಂತ ಹೇಳಿ'. ಆ ಕಾರ್ಯಕ್ರಮ 2002ರಿಂದ ನಡ್ಕೋಂತ ಬಂದೈತಿ, ಸರಿ ಉತ್ರ ಹೇಳಿದ್ರ ಪುಸ್ತಕ ಕೊಡ್ತಾರ. ನಮ್ಮತ್ತಿಗೆ ಅಕ್ಷರ ಬರಂಗಿಲ್ಲ. ಆದ್ರ ಮಹಾಭಾರತದ ಪ್ರಶ್ನಿ ಬಂತಂದ್ರ ಅಲ್ಲಿ ಕುಂತೋರಿಗಿಂತ ಮೊದ್ಲು ಇವ್ರು ಹೇಳ್ತಾರ.

"ಅದಕ್ಕ ಛತ್ರಿ ಯಾಕ, ಫೋನ್ ಇಲ್ಲೇನು?" ಅಂತ ಕೆಲವರು ಕೇಳಿದ್ರು. ಕೇಳೋರು ಒಂದ್ಸಲ ನಲ್ಲಮಲ ಕಾಡಿನ ದಾರಿ ಹೋಗಿ ಬರ್ಲಿ. ಟವರ್ ಹೋದ್ರ ತಾಸುಗಟ್ಲೆ ಬರಂಗಿಲ್ಲ. ಅದೂ ಅಲ್ದ ಅಂಗೈ ಅಗಲದ ಫೋನು ಎಪ್ಪತ್ತು ದಾಟಿದ ಕಣ್ಣಿಗೆ ಏನು ಕಾಣ್ಬೇಕು?

ಗಾಡ್ಯಾಗ ಟಿವಿ ಹೆಂಗ ಬರ್ತೈತಿ ಅನ್ನೋದು ನನಗೂ ಗೊತ್ತಿದ್ದಿಲ್ಲ, ಈಗ ಗೊತ್ತಾತು. ಹಿಂದಕ ನಮ್ಮ ಮಾಳಿಗಿ ಮ್ಯಾಲೆ ಅಲ್ಯುಮಿನಿಯಂ ಕಡ್ಡಿ ಆಂಟೆನಾ ಇರ್ತಿತ್ತು, ಗಾಳಿಗೆ ತಿರುಗಿದ್ರ ಯಾರಾದ್ರೂ ಹತ್ತಿ ಸರಿ ಮಾಡೋರು. ಅದಕ್ಕ ನೆಲದ ಮ್ಯಾಲಿನ ಟವರಿನಿಂದ ಚಿತ್ರ ಬರ್ತಿತ್ತು. ದೂರದರ್ಶನದವ್ರು 2022ರ ಹೊತ್ತಿಗೆ ಅಂಥ ಹಳೇ ಟವರುಗಳನ್ನ ಬಹುತೇಕ ಬಂದ್ ಮಾಡಿದ್ರು. ಈಗ ಚಿತ್ರ ಆಕಾಶದಿಂದನಾ ಬರ್ಬೇಕು. ಡಿಡಿ ಫ್ರೀ ಡಿಶ್ ಅಂತ ಐತಲ್ಲ, 2004ರಾಗ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು, ಅದಕ್ಕ ತಿಂಗಳ ದುಡ್ಡಿಲ್ಲ. ಛತ್ರಿ, ಡಬ್ಬಿ ಒಂದ್ಸಲ ಕೊಂಡ್ರ ಮುಗೀತು. ನಮಗೆ ಬೇಕಾದ ಎಲ್ಲಾ ಚಾನೆಲ್ ಅದರಾಗ ಸಿಗಂಗಿಲ್ಲ, ಚಂದನ ಸಿಗ್ತೈತಿ.

ಆ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಾಗ, ನಮಗೆ ಒಂದಾ ಜಾಗದಾಗ ನಿಂತಂಗ ಕಾಣ್ತೈತಿ. ನಮ್ಮ ಸೀಮಿಯಿಂದ ನೋಡಿದ್ರ ಅದು ಆಗ್ನೇಯಕ್ಕ, ನೆತ್ತಿಗೂ ಅಡ್ಡಕ್ಕೂ ನಡುವಿಗಿಂತ ಮ್ಯಾಲೆ. ಛತ್ರಿ ಮೂತಿ ಅದಕ್ಕ ಸರಿಯಾಗಿ ನೋಡ್ಬೇಕು, ನಾಕು ಬಳ್ಳು ಆಕಡಿ ಈಕಡಿ ಆದ್ರ ಚಿತ್ರ ಹೋತು. ಅದಕ್ಕ ಗಾಡಿ ಓಡುವಾಗ ನಮ್ಮಂಥ ಛತ್ರಿಗೆ ಟಿವಿ ಬರಂಗಿಲ್ಲ. ರಸ್ತೆ ತಿರುವಿದ್ರ ಛತ್ರಿ ಮೂತೀನೂ ತಿರುಗ್ತೈತಿ. ಹೊರದೇಶದ ದುಬಾರಿ ಗಾಡಿಗೆ ತಾನಾ ತಿರುಗಿ ಉಪಗ್ರಹ ಹುಡುಕೋ ಛತ್ರಿ ಇರ್ತಾವಂತ. ನಮ್ಮದಕ್ಕ ಮೈದುನನ ಮಗನಾ ತಿರುಗಿಸೋ ಮಿಷನ್ನು.

ಮೊದಲ್ನೇ ರಾತ್ರಿ ಮಂತ್ರಾಲಯದಾಗ ಗಾಡೀನ ಒಂದು ದೊಡ್ಡ ಬೇವಿನ ಗಿಡದ ಕೆಳಗ ನಿಲ್ಲಿಸಿದ್ರು, ತಂಪಿರಲಿ ಅಂತ. ಮೂರು ಗಂಡಸ್ರು ಛತ್ರಿ ಹಿಡ್ಕೆಂಡು ಒಂದೂವರೆ ತಾಸು ತಿರುಗಿಸಿದ್ರು. ಮ್ಯಾಲಿಂದ "ಬಂತಾ?", ಒಳಗಿಂದ "ಇಲ್ಲ!" ಗಿಡದ ಎಲಿ ಅಡ್ಡ ಇದ್ರ ಎಲ್ಲಿಂದ ಬರ್ತೈತಿ? ಕಡೀಗೆ ಪಕ್ಕದ ಲಾರಿ ಡ್ರೈವರ್ ನಕ್ಕೋಂತ, "ಗಾಡಿ ಬಯಲಿಗೆ ತಗೀರಿ, ಆಗ್ನೇಯಕ್ಕ ಆಕಾಶ ಖಾಲಿ ಇರ್ಬೇಕು" ಅಂದ. ಹತ್ತು ನಿಮಿಷದಾಗ ಬಂತು. ಆ ಒಂದೂವರೆ ತಾಸು ನಾನು, ನನ್ನ ನೆಗೆಣ್ಣಿ ಏನು ಮಾಡಿದ್ವಿ ಅಂತೀರಿ? ಅನ್ನ, ಸಾರು, ಪಲ್ಯ, ಆಮ್ಯಾಲೆ ಪಾತ್ರಿ. ಮಠದಾಗ ಅನ್ನದಾನ ನಡದಿತ್ತು, ಸಾವಿರಾರು ಮಂದಿ ಉಣ್ಣಾಕತ್ತಿದ್ರು. ನಮ್ಮೋರಿಗೆ ಮಾತ್ರ "ಮನಿ ಊಟ ಮನಿ ಊಟನಾ."

ಎರಡನೇ ರಾತ್ರಿ ದೋರ್ನಾಲದಾಗ. ಅಲ್ಲಿಂದ ಮುಂದ ಹುಲಿ ಕಾಡು, ರಾತ್ರಿ ಗಾಡಿ ಬಿಡಂಗಿಲ್ಲ. ಎಲ್ಲಾ ಗಾಡಿ ಸಾಲಾಗಿ ನಿಂತಿದ್ವು. ಛತ್ರಿ ಈ ಸಲ ಬ್ಯಾಗ ಕುಂತ್ತು. ಆದ್ರ ಟಿವಿ ಹಚ್ಚಿದ ಕೂಡ್ಲೆ ಕ್ರಿಕೆಟ್ ಬಂತು. ಅತ್ತಿ ಒಂದ್ಸಲ ಕೇಳಿದ್ರು, ಎರಡು ಸಲ ಕೇಳಿದ್ರು. "ಈ ಓವರ್ ಮುಗೀಲಿ ಯವ್ವಾ" ಅಂದ ಮೈದುನ. ಓವರ್ ಮುಗೀತು, ಇನ್ನೊಂದು ಓವರ್ ಬಂತು. ಅತ್ತಿ ಸೆರಗು ಹೊದ್ಕೆಂಡು ಗೋಡಿಕಡಿ ಮಾರಿ ಮಾಡಿ ಮಲಗಿಬಿಟ್ರು. ನಾನು ಕೈ ಒರಸ್ಕೆಂಡು ಒಳಗ ಬರಾದ್ರಾಗ ಹತ್ತಾಗಿತ್ತು. ಯಾರ ಹೆಸರ್ಲೆ ಟಿವಿ ಏರಿಸಿದ್ರೋ ಅವ್ರಿಗೆ ಅದು ದಕ್ಕಲಿಲ್ಲ. ಈಗ ಊರಾಗ ಬೈಯಿಸಿಕೊಳ್ಳೋರು ಯಾರು? "ಆ ಹೆಣ್ಮಕ್ಕಳಿಗೆ ಸೀರಿಯಲ್ ಹುಚ್ಚು, ಕಾಡಿಗೂ ಟಿವಿ ಒಯ್ದ್ರು." ಮ್ಯಾಚ್ ನೋಡಿದೋರ ಹೆಸರು ಒಬ್ರೂ ಎತ್ತಂಗಿಲ್ಲ.

ಮೂರನೇದು ಮಹಾನಂದ್ಯಾಗ. ಅಲ್ಲಿ ಪುಷ್ಕರಣಿ ನೀರು ಎಷ್ಟು ತಿಳಿ ಅಂದ್ರ ತಳದಾಗ ಬಿದ್ದ ರೊಕ್ಕ ಕಾಣ್ತಾವ. ಜಳಕ ಮಾಡಿ ಬಂದು ನೋಡಿದ್ರ ಗಾಡಿ ಚಾಲೂ ಆಗವಲ್ದು. ರಾತ್ರಿಯೆಲ್ಲಾ ಟಿವೀನ ಗಾಡಿ ಬ್ಯಾಟರಿಯಿಂದನಾ ನಡಸಿದ್ರು, ಬ್ಯಾಟರಿ ಕುಂತ್ತಿತ್ತು. ಒದ್ದಿ ಸೀರ್ಯಾಗ ನಾನು, ನೆಗೆಣ್ಣಿ ಗಾಡಿ ನೂಕಿದ್ವಿ. ಇದಕ್ಕ ಬೈರಿ, ನಾನು ಬ್ಯಾಡ ಅನ್ನಂಗಿಲ್ಲ. ಟಿವಿಗೆ ಬ್ಯಾರೆ ಬ್ಯಾಟರಿ ಇಡ್ಬೇಕಾಗಿತ್ತು, ಅದು ತಪ್ಪು.

ಇನ್ನೊಂದು ತಪ್ಪೂ ಒಪ್ಕೆಂತೀನಿ. ಶ್ರೀಶೈಲದಾಗ ಕಾರ್ತೀಕದ ದೀಪ ಹಚ್ಚೋ ಹೊತ್ತಿಗೆ ನನ್ನ ಮಕ್ಕಳಿಬ್ರು ಟಿವಿ ಮುಂದ ಕುಂತಿದ್ರು, ಕರದ್ರೂ ಬರ್ಲಿಲ್ಲ. ನಮ್ಮ ಕಡಿ ಮಂದಿ ಭ್ರಮರಾಂಬನ್ನ ಕನ್ನಡದ ಮನಿಮಗಳು ಅಂತ ತಿಳದು, ಯುಗಾದಿಗೆ ಸೀರಿ ಕುಪ್ಪಸ ಹೊತ್ಗೆಂಡು ದಿನಗಟ್ಲೆ ನಡದು ಹೋಗ್ತಾರ. ಕಾಲಾಗ ಬೊಬ್ಬಿ ಎದ್ದರೂ ಹಾಡ್ಕೋಂತ ನಡೀತಾರ. ಅಂಥ ಜಾಗಕ್ಕ ಹೋಗಿ ನನ್ನ ಮಕ್ಕಳು ಕಾರ್ಟೂನ್ ನೋಡಿದ್ರಲ್ಲ ಅಂತ ನನಗೂ ಹೊಟ್ಟ್ಯಾಗ ಸಂಕಟ ಆತು. ನಡದು ಹೋಗೋ ಹೆಣ್ಮಕ್ಕಳು ಬಂದು "ಟಿವಿ ಯಾಕವ್ವಾ?" ಅಂತ ಕೇಳಿದ್ರ ನಾನು ತಲಿ ಬಗ್ಗಿಸ್ತೀನಿ. ಅವ್ರು ಮನೀನ ಹಿಂದ ಬಿಟ್ಟು ಹೋಗ್ಯಾರ, ಆ ಮಾತಿನ ಹಕ್ಕು ಅವ್ರಿಗೈತಿ.

ಗಾಡ್ಯಾಗ ಕುಂತು, ನನ್ನ ಕೈಲೆ ಮೂರ್ಹೊತ್ತು ಬಿಸಿ ಊಟ ಮಾಡಿಸ್ಕೆಂಡು, ಚಾ ಎರಡು ಸಲ ಕುಡದು, ಆಮ್ಯಾಲೆ "ಯಾತ್ರ್ಯಾಗ ಮನಿ ಮರೀಬೇಕು" ಅಂದ್ರ ನಾನು ಒಪ್ಪಂಗಿಲ್ಲ. ಯಾರು ಮರತ್ರು ಮನೀನ? ಗಂಡಸ್ರು ಮರತ್ರು, ಮಕ್ಕಳು ಮರತ್ರು. ನನ್ನ ಮನಿ ಮಾತ್ರ ನನ್ನ ಹಿಂದಾ ಗಾಲಿ ಕಟ್ಟಿಕೆಂಡು ಬಂತು. ನಸಿಕಿನ್ಯಾಗ ಎದ್ದು ನೀರು ಕಾಸೋದು, ಒದ್ದಿ ಬಟ್ಟಿ ಗಾಡಿ ಕಿಡಿಕಿಗೆ ಹರವೋದು, ಹಿಂದಿನ ಊರಿನ ಮುಸುರಿ ಮುಂದಿನ ಊರಾಗ ತಿಕ್ಕೋದು. ಊರಾಗ ಇದ್ದಾಗ ರಾತ್ರಿ ಎಲ್ಲಾ ಮುಗಿಸಿ ಟಿವಿ ಮುಂದ ಕಾಲು ಚಾಚಿ ಕುಂದರೋ ಅರ್ಧ ತಾಸು ಐತಿ ನೋಡ್ರಿ, ಅದೊಂದಾ ನನ್ನದು. ಅತ್ತಿದೂ ಅದೊಂದಾ. ದುಡಿಯೋದೆಲ್ಲಾ ಗಾಡಿ ಏರ್ಬೇಕು, ಆ ಅರ್ಧ ತಾಸು ಮಾತ್ರ ಊರಾಗ ಉಳೀಬೇಕು ಅಂದ್ರ ಅದ್ಯಾವ ನ್ಯಾಯ?

ಅಹೋಬಿಲದ ಮಾತು ಹೇಳೇ ಮುಗಿಸ್ತೀನಿ. ಅವತ್ತು ಬೆಳಿಗ್ಗೆ ಮೈದುನನ ಮಗ ಗಾಡೀನ ಬಯಲಾಗ ನಿಲ್ಲಿಸಿ, ಛತ್ರಿ ಕಾಲಿಗೆ ಎರಡು ಕಲ್ಲು ಹೇರಿ, ಚಂದನ ಹಚ್ಚಿಕೊಟ್ಟು, ರಿಮೋಟ್ ಅಜ್ಜಿ ಕೈಯಾಗಾ ಕೊಟ್ಟು ಗುಡ್ಡ ಹತ್ತಿದ. ಮಧ್ಯಾಹ್ನ ನಾವು ಇಳದು ಬಂದು ನೋಡಿದ್ರ ನಮ್ಮತ್ತಿ ಒಬ್ರಾ ಇಲ್ಲ. ಪಕ್ಕದ ಗಾಡಿಗಳಾಗ ಉಳದಿದ್ದ ನಾಕು ಮಂದಿ ಮುದುಕೇರು ಬಂದು ಕುಂತಾರ. ಇಬ್ರು ತೆಲುಗಿನೋರು, ಒಬ್ರು ರಾಯಚೂರು ಕಡೇರು, ಇನ್ನೊಬ್ರು ಎಲ್ಲಿಯೋರೋ. ಅತ್ತಿ ನಮ್ಮ ಮಂಡಕ್ಕಿ ಚೀಲ ಬಿಚ್ಚಿ ಎಲ್ಲರಿಗೂ ಹಂಚ್ಯಾರ, ಕನ್ನಡದಾಗ ಬಂದದ್ದನ್ನ ತಮಗೆ ಬರೋ ಹರಕು ತೆಲುಗಿನ್ಯಾಗ ಹೇಳಾಕತ್ಯಾರ. ಐದೂ ಮಂದೀದು ಮೊಣಕಾಲಿನ ಕಥಿ ಮುಗದು ಸೊಸೆಂದಿರ ಕಥಿ ಶುರುವಾಗಿತ್ತು. ನನ್ನ ನೋಡಿ ಅತ್ತಿ ಮಾತು ತಿರುವಿದ್ರು, ನಾನೂ ಕೇಳಿಸದಂಗ ನಿಂತೆ. ಆರು ದಿನದಾಗ ಅವ್ರು ನಕ್ಕದ್ದು ನಾನು ಅವತ್ತಾ ನೋಡಿದ್ದು.

ಅದಕ್ಕ ಶಿವರಾತ್ರಿಗೋ ಯುಗಾದಿಗೋ ಗಾಡಿ ಮಾಡ್ಕೆಂಡು ಹೋಗೋರಿಗೆ ನನ್ನ ಮಾತು ಇಷ್ಟು. ಟಿವಿ ಒಯ್ಯಿರಿ, ಬ್ಯಾರೆ ಬ್ಯಾಟರಿ ಒಯ್ಯಿರಿ. ಗಿಡದ ಕೆಳಗ ನಿಲ್ಲಿಸಬ್ಯಾಡ್ರಿ. ಬ್ಯಾರೆ ಬ್ಯಾರೆ ಕಂಪನಿ ಛತ್ರಿ ಬ್ಯಾರೆ ಬ್ಯಾರೆ ಉಪಗ್ರಹ ನೋಡ್ತಾವ, ಅದಕ್ಕ ಮಂದಿ ಮನಿ ಛತ್ರಿ ನೋಡಿ ಅಳತಿ ಹಿಡ್ಯೋದಾದ್ರ ಅದೂ ಫ್ರೀ ಡಿಶ್ ಹೌದಾ ಅಂತ ಕೇಳ್ರಿ. ಜೋರು ಮಳಿ ಬಂದ್ರ ಚಿತ್ರ ಹೋಗ್ತೈತಿ, ಮಳಿ ನಿಂತ ಮ್ಯಾಲೆ ತಾನಾ ಬರ್ತೈತಿ, ಮಕ್ಕಳನ್ನ ಮಾಳಿಗಿ ಏರಿಸಬ್ಯಾಡ್ರಿ. ದೀಪದ ಹೊತ್ತಿಗೆ, ಮಂಗಳಾರತಿ ಹೊತ್ತಿಗೆ ಟಿವಿ ಬಂದ್. ರಿಮೋಟ್ ಗಾಡಿ ಇಳಿಯಾಕ ಆಗದೋರ ಕೈಯಾಗ ಇರ್ಲಿ.

ಇಷ್ಟಾದ್ರೂ "ಟಿವಿ ಬ್ಯಾಡಾ ಬ್ಯಾಡ" ಅನ್ನೋರು ಇದ್ರ ಆಗ್ಲಿ, ನಾನೂ ಒಪ್ತೀನಿ. ಆದ್ರ ಅವತ್ತು ಸಿಲಿಂಡರೂ ಗಾಡಿ ಏರಂಗಿಲ್ಲ. ಮಂತ್ರಾಲಯದಾಗ ಅನ್ನದಾನ ಐತಿ, ಶ್ರೀಶೈಲದಾಗ ಐತಿ, ಎಲ್ಲರೂ ಪಂಕ್ತ್ಯಾಗ ಕುಂತು ಉಣ್ಣೋಣು. ದಾರ್ಯಾಗ ಹಸಿವಾದ್ರ ರೊಟ್ಟಿ ಚಟ್ನಿ ಐತಿ. ರಾತ್ರಿ ನಾನು, ನೆಗೆಣ್ಣಿ, ಅತ್ತಿ ಮೂವರೂ ಹೊರಗ ಕೌದಿ ಹಾಸ್ಕೆಂಡು ಕುಂದರ್ತೀವಿ, ಅತ್ತಿ ತಮಗೆ ಬರೋ ಕಥಿ ಹೇಳ್ತಾರ. ಆ ರಾತ್ರಿ ಯಾರಾದ್ರೂ ಒಂದು ಲೋಟ ಬಿಸಿ ಚಾ ಕೇಳಿದ್ರ ಆವಾಗ ನೋಡೋಣಂತ.

ನಳದ ಹತ್ರ ಮಾತಾಡಿದೋರು ಯಾರು ಅಂತ ಇಲ್ಲಿ ಬರಿಯಂಗಿಲ್ಲ. ಓದಿದ್ರ ನಿಮಗಾ ಗೊತ್ತಾಕ್ಕೈತಿ. ಮನಿಗೆ ಬರ್ರಿ, ಯಾಗಂಟಿ ಪ್ರಸಾದ ಇನ್ನೂ ಉಳದೈತಿ.